ನಿಂತು ಕಾಯುವುದಕ್ಕೊಂದು ಚೀಲ

ತಮ್ಮ: ಅಕ್ಕಾ, ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಕಾರಿನಲ್ಲಿ ಹೋಗುವವರು ಏನೇನು ಜೊತೆಗಿಟ್ಟುಕೊಳ್ಳಬೇಕು ಎಂಬ ಪಟ್ಟಿಗಳು ಈಗ ಎಲ್ಲಿ ನೋಡಿದರೂ ಸಿಗುತ್ತವೆ. ಒಂದರಲ್ಲಿ ಇಪ್ಪತ್ತು ಸಾಮಾನು, ಇನ್ನೊಂದರಲ್ಲಿ ನಲವತ್ತು. ಕಂಬಳಿ, ಸಲಿಕೆ, ಮೇಣದಬತ್ತಿ, ಚಾಕಲೇಟಿನವರೆಗೆ ಬರೆದಿರುತ್ತಾರೆ. ಹೊಸ ಕಾರಿನ ಜೊತೆಗೇ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೆಂಪು ತ್ರಿಕೋನ, ಜಾಕಿ, ಪಾನ ಬಂದಿರುತ್ತವೆ. ದಾರಿಯುದ್ದಕ್ಕೂ ಊರುಗಳಿವೆ, ಕೈಯಲ್ಲಿ ಫೋನಿದೆ. ಇಷ್ಟಿದ್ದ ಮೇಲೂ ಇನ್ನೊಂದು ಚೀಲ ಹೊರಬೇಕೆ?

ಅಕ್ಕ: ಆ ಪಟ್ಟಿಗಳಲ್ಲಿ ಬಹಳಷ್ಟು ಹಿಮ ಬೀಳುವ ನಾಡಿನವು. ಅಲ್ಲಿ ರಸ್ತೆಯಲ್ಲಿ ಸಿಕ್ಕಿಬಿದ್ದವನ ಶತ್ರು ಚಳಿ. ಅದಕ್ಕೆ ಕಂಬಳಿ, ಮೇಣದಬತ್ತಿ; ಹಿಮ ಎತ್ತಿಹಾಕಲು ಸಲಿಕೆ. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಡಿಕ್ಕಿಯಲ್ಲಿಟ್ಟ ಮೇಣದಬತ್ತಿ ಬಾಗಿ ಮಲಗುತ್ತದೆ, ಚಾಕಲೇಟು ಕರಗಿ ಚೀಲಕ್ಕೆ ಮೆತ್ತಿಕೊಳ್ಳುತ್ತದೆ. ನಮ್ಮ ಹವಾಮಾನ ಬೇರೆ ತರಹದ್ದು. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿ ದಾಟುವ ವಾರಗಳಲ್ಲೇ ಭರಣಿ, ಕೃತ್ತಿಕಾ ಮಳೆಗಳು ಸಂಜೆಯ ಹೊತ್ತಿಗೆ ಗಾಳಿ, ಗುಡುಗು, ಆಲಿಕಲ್ಲಿನೊಂದಿಗೆ ಬರುತ್ತವೆ. ಜೂನ್ ಹೊತ್ತಿಗೆ ಮೃಗಶಿರಾ, ಆರಿದ್ರಾ ಹಿಡಿದವೆಂದರೆ ಘಾಟಿಗಳಲ್ಲಿ ಧರೆ ಜರಿಯಲು ಶುರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಗೆ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಮುಟ್ಟಿದ ಮೇಲೇ ಬಿಸಿಗಾಳಿಯ ಮಾತು. ಸೆಕೆಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ ಕರಾವಳಿಯಲ್ಲಿ ಕಡಿಮೆ ಉಷ್ಣಾಂಶವೇ ಮೈಗೆ ಹೆಚ್ಚು. ಅಂದರೆ ಒಂದೇ ದಿನದ ಪ್ರಯಾಣದಲ್ಲಿ ಒಣ ಬಿಸಿಲು, ಗುಡುಗು ಮಳೆ, ಸೆಕೆ ಮೂರನ್ನೂ ದಾಟುತ್ತೀಯ. ಹಾಗಾಗಿ ಎಷ್ಟು ಸಾಮಾನು ಎಂದು ಎಣಿಸುವುದಕ್ಕಿಂತ ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಎರಡೇ ಪ್ರಶ್ನೆ ಕೇಳು. ಇದು ನನ್ನನ್ನು ಒಂದು ನಿಮಿಷದೊಳಗೆ ಕಾರಿನಿಂದ ಹೊರಗೆ ತರುತ್ತದೆಯೇ? ಇಲ್ಲವಾದರೆ, ಇದು ನನ್ನನ್ನು ಆರು ಗಂಟೆ, ಬೇಕಾದರೆ ಒಂದು ರಾತ್ರಿ, ನೆಮ್ಮದಿಯಾಗಿ ನಿಂತು ಕಾಯುವಂತೆ ಮಾಡುತ್ತದೆಯೇ? ಎರಡಕ್ಕೂ ಉತ್ತರವಿಲ್ಲದ್ದು ಬರೀ ಭಾರ. ನನ್ನ ಮಾತು ಇಷ್ಟೇ: ಬಿಸಿಲು-ಬಿರುಮಳೆಯ ನಾಡಿನಲ್ಲಿ ತುರ್ತು ಚೀಲ ಇರುವುದು ಕಷ್ಟವನ್ನು ದಾಟಿ ಮುಂದೆ ನುಗ್ಗುವುದಕ್ಕಲ್ಲ, ನುಗ್ಗದೆ ನಿಲ್ಲುವುದಕ್ಕೆ.

ತಮ್ಮ: ಇದು ತಲೆಕೆಳಗಾದ ಮಾತಿನ ಹಾಗಿದೆಯಲ್ಲ. ಎಳೆಯುವ ಹಗ್ಗ, ಗಾಳಿ ತುಂಬುವ ಪಂಪು, ಬ್ಯಾಟರಿಗೆ ಜೋಡಿಸುವ ಕೇಬಲ್ಲು ಎಲ್ಲವನ್ನೂ ಜನ ಕೊಳ್ಳುವುದು ನಿಂತ ಕಾರು ಮತ್ತೆ ಹೊರಡಲಿ ಎಂದೇ ಅಲ್ಲವೇ?

ಅಕ್ಕ: ನಿಂತ ಕಾರು ಹೊರಡದಿದ್ದರೆ ತೊಂದರೆ, ನಿಜ. ಆದರೆ ಮಳೆಗಾಲದಲ್ಲಿ ಎಷ್ಟೋ ಸಲ ಪ್ರಾಣ ಹೋಗುವುದು ನಿಲ್ಲಬೇಕಾದ ಕಾರು ಹೊರಟದ್ದರಿಂದ. ನೀರಿನ ಲೆಕ್ಕ ನೋಡು. ರಸ್ತೆಯ ಮೇಲೆ 15 ಸೆಂಟಿಮೀಟರ್ ನೀರು ನಿಂತರೆ ಅದು ಸಾಮಾನ್ಯ ಕಾರುಗಳ ತಳ ಮುಟ್ಟುತ್ತದೆ, ಎಂಜಿನ್ ನಿಲ್ಲಬಹುದು, ಹಿಡಿತ ತಪ್ಪಬಹುದು. 30 ಸೆಂಟಿಮೀಟರಿಗೆ ಎಷ್ಟೋ ಕಾರುಗಳು ತೇಲಲು ಶುರು. ರಭಸವಾಗಿ ಹರಿಯುವ 60 ಸೆಂಟಿಮೀಟರ್ ನೀರು ದೊಡ್ಡ ಎಸ್‌ಯುವಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಇದರಲ್ಲಿ ಮಾಯೆಯೇನೂ ಇಲ್ಲ. ಕಾರಿನ ತಳ ಮುಳುಗಿದ ಮೇಲೆ ನೀರು ಪ್ರತಿ 30 ಸೆಂಟಿಮೀಟರ್ ಏರಿದಂತೆ ಕಾರಿನ ತೂಕದಲ್ಲಿ ಸುಮಾರು 680 ಕಿಲೋ ಇಳಿದ ಹಾಗೆ. ನಮ್ಮ ಸಣ್ಣ ಕಾರುಗಳ ಒಟ್ಟು ತೂಕವೇ ಎಂಟು ಒಂಬತ್ತು ನೂರು ಕಿಲೋದ ಆಸುಪಾಸು. ಹಾಗಾಗಿ ನಮಗೆ ಮೊಣಕಾಲುದ್ದ ಕಾಣುವ ನೀರು ಕಾರಿಗೆ ಹೊಳೆ. 2023ರ ಮೇ 21ರ ಭಾನುವಾರ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಒಂದು ಕುಟುಂಬವಿದ್ದ ಕಾರು ಮಳೆನೀರಿಗೆ ಇಳಿದು ಸಿಕ್ಕಿಕೊಂಡಿತು. ಉಳಿದವರನ್ನು ಹೊರಗೆ ತಂದರು, ಒಬ್ಬ ಯುವತಿ ಉಳಿಯಲಿಲ್ಲ. ಊರ ನಡುಮಧ್ಯೆ, ಹಗಲಿನಲ್ಲಿ, ಸುತ್ತ ಜನ ಇದ್ದಾಗ ನಡೆದದ್ದು ಅದು. ಆ ಚಾಲಕನ ಮನಸ್ಸಿನಲ್ಲಿ ಏನಿತ್ತೆಂದು ನಾವು ಊಹಿಸುವುದು ಬೇಡ. ಆದರೆ ಸಾಮಾನ್ಯವಾಗಿ ಜನ ನೀರಿಗೆ ಕಾರು ಇಳಿಸುವುದು ಯಾಕೆ ಎಂದು ಕೇಳಿಕೊಳ್ಳಲೇಬೇಕು. ನೀರು ಅಪಾಯ ಎಂಬ ತಿಳಿವಳಿಕೆ ಎಲ್ಲರಿಗೂ ಇದೆ. ಕಾಯಲು ಆಗುವುದಿಲ್ಲ, ಅಷ್ಟೇ. ಮಗು ಹಸಿದು ಅಳುತ್ತಿರುತ್ತದೆ, ಕುಡಿಯುವ ನೀರು ಮುಗಿದಿರುತ್ತದೆ, ಫೋನಿನ ಚಾರ್ಜು ಕೊನೆಗೆ ಬಂದಿರುತ್ತದೆ, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಮನೆಯಲ್ಲಿರುತ್ತದೆ, ಯಾರಿಗೋ ಬಾತ್‌ರೂಮಿಗೆ ಹೋಗಬೇಕಾಗಿರುತ್ತದೆ. ಒಂದೊಂದೂ ಸಣ್ಣ ವಿಷಯ. ಎಲ್ಲ ಸೇರಿದಾಗ ‘ಹೇಗೋ ದಾಟಿಬಿಡೋಣ’ ಎಂಬ ಮಾತು ಬಾಯಿಗೆ ಬರುತ್ತದೆ. ಆ ಮಾತು ಬಾರದಂತೆ ತಡೆಯುವುದೇ ಚೀಲದ ಮೊದಲ ಕೆಲಸ. ಆ ದೃಷ್ಟಿಯಲ್ಲಿ ಎರಡು ಲೀಟರ್ ನೀರು, ಒಂದು ಡಬ್ಬಿ ಹುರಿಗಡಲೆ-ಬೆಲ್ಲ ಕೂಡ ಬ್ರೇಕಿನಷ್ಟೇ ರಕ್ಷಣೆ ಕೊಡುತ್ತವೆ.

ತಮ್ಮ: ಹಾಗಾದರೆ ಗಾಜು ಒಡೆಯುವ ಸುತ್ತಿಗೆ ಯಾಕೆ? ನೀರಿಗೆ ಇಳಿಯುವುದೇ ಇಲ್ಲ ಎಂದ ಮೇಲೆ ಅದೂ ಭಾರವೇ ಅಲ್ಲವೇ?

ಅಕ್ಕ: ನೀನು ನೀರಿಗೆ ಇಳಿಯದಿದ್ದರೂ ನೀರು ನಿನ್ನ ಬಳಿಗೆ ಬರಬಹುದು. ಟ್ರಾಫಿಕ್ಕಿನಲ್ಲಿ ಹಿಂದೆ ಮುಂದೆ ಹೋಗಲಾರದೆ ನಿಂತಿರುವಾಗ ರಾಜಕಾಲುವೆ ಉಕ್ಕಬಹುದು, ತಿರುವಿನಲ್ಲಿ ಜಾರಿ ಕೆರೆಗೆ ಬೀಳಬಹುದು. ಆಗಿನ ಲೆಕ್ಕ ನಿಮಿಷದ್ದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಒಳಗೆ ಜನರನ್ನು ಕೂರಿಸಿಯೇ ಕಾರುಗಳನ್ನು ಮುಳುಗಿಸಿ ಪರೀಕ್ಷೆ ಮಾಡಿದವರು. ನೀರಿಗೆ ಬಿದ್ದ ಕಾರು ಅರ್ಧ ನಿಮಿಷದಿಂದ ಒಂದೆರಡು ನಿಮಿಷ ತೇಲುತ್ತದೆ, ಹೊರಬರಲು ಇರುವ ಸಮಯ ಅಷ್ಟೇ ಎಂದು ಅವರು ತೋರಿಸಿದರು. ಅವರು ಹೇಳುವ ಕ್ರಮ ಹೀಗೆ: ಸೀಟ್ ಬೆಲ್ಟ್ ಬಿಚ್ಚು, ಕಿಟಕಿ ಇಳಿಸು ಅಥವಾ ಒಡೆ, ಮಕ್ಕಳನ್ನು ಮೊದಲು ಹೊರಗೆ ದಾಟಿಸು, ನೀನು ಹೊರಡು. ಫೋನು ಮಾಡುವುದು ಹೊರಗೆ ಬಂದ ಮೇಲೆ. ಬಾಗಿಲು ತೆರೆಯಲು ಹೋದವರು ಆ ಒಂದು ನಿಮಿಷವನ್ನು ಅಲ್ಲೇ ಕಳೆದುಕೊಳ್ಳುತ್ತಾರೆ. ಒಂದು ಮೀಟರ್ ಅಗಲದ ಬಾಗಿಲಿನ ಹೊರಗೆ ಅರ್ಧ ಮೀಟರ್ ನೀರು ನಿಂತರೂ ಅದರ ಮೇಲೆ ಬೀಳುವ ಒತ್ತಡ ಸುಮಾರು 125 ಕಿಲೋ ತೂಕದಷ್ಟು. ಹಾಗಾಗಿ ಸುತ್ತಿಗೆಯನ್ನೋ, ಸ್ಪ್ರಿಂಗ್ ಒತ್ತಿದರೆ ಗಾಜು ಒಡೆಯುವ ಪುಟ್ಟ ಸಾಧನವನ್ನೋ ಬೆಲ್ಟ್ ಕಟ್ಟಿಕೊಂಡು ಕುಳಿತವನ ಕೈಗೆ ಎಟಕುವ ಕಡೆ, ಬಿದ್ದು ಹೋಗದ ಹಾಗೆ ಸಿಕ್ಕಿಸಿಡಬೇಕು. ಡಿಕ್ಕಿಯಲ್ಲಿಟ್ಟ ಸುತ್ತಿಗೆ ಮನೆಯಲ್ಲಿಟ್ಟ ಸುತ್ತಿಗೆಗೆ ಸಮ. ಹಿಂದಿನ ಸೀಟಿನವರಿಗೆ ಇನ್ನೊಂದು. ಹೊಡೆಯುವುದು ಪಕ್ಕದ ಕಿಟಕಿಗೆ, ಅದೂ ನಡುವಿಗಲ್ಲ, ಮೂಲೆಗೆ. ಮುಂದಿನ ಗಾಜಿಗೆ ಹೊಡೆದು ಪ್ರಯೋಜನವಿಲ್ಲ, ಅದು ನಡುವೆ ಹಾಳೆಯಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು. ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಈಗ ಕೆಲವು ಕಾರುಗಳಲ್ಲಿ ಪಕ್ಕದ ಕಿಟಕಿಗೂ ಅದೇ ಗಾಜು ಬರುತ್ತಿದೆ. ಅಮೆರಿಕದ ವಾಹನ ಸವಾರರ ಸಂಘ 2019ರಲ್ಲಿ ಆರು ಸಾಧನಗಳನ್ನು ಪರೀಕ್ಷಿಸಿದಾಗ ನಾಲ್ಕು ಸಾಧನಗಳು ಟೆಂಪರ್ಡ್ ಗಾಜನ್ನು ಒಡೆದವು, ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ಗಾಜು ಯಾವುದೆಂದು ಕಿಟಕಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಸೀಟಿನ ತಲೆದಿಂಬನ್ನು ಕಿತ್ತು ಅದರ ಸರಳಿನಿಂದ ಒಡೆಯಬಹುದು ಎಂದು ಹೇಳುವವರಿದ್ದಾರೆ. ತಲೆದಿಂಬು ಮಾಡಿರುವುದು ಕತ್ತಿನ ರಕ್ಷಣೆಗೆ. ಒಂದೇ ನಿಮಿಷ ಇರುವಾಗ ಅದನ್ನು ನಂಬಿ ಕೂರುವಂತಿಲ್ಲ.

ತಮ್ಮ: ಸರಿ, ಸುತ್ತಿಗೆ ಕೈಹತ್ತಿರ. ಉಳಿದದ್ದನ್ನೆಲ್ಲ ಒಮ್ಮೆ ಚೀಲಕ್ಕೆ ತುಂಬಿ ಡಿಕ್ಕಿಯಲ್ಲಿಟ್ಟು ಮರೆತರಾಯಿತು. ಬಿಸಿಲಿಗೆ ಕೆಡುತ್ತದೆ ಎನ್ನುವುದಾದರೆ ನೆರಳಲ್ಲಿ ನಿಲ್ಲಿಸಿ, ಕಿಟಕಿ ಒಂದಿಷ್ಟು ಇಳಿಸಿಟ್ಟರೆ ಸಾಲದೇ?

ಅಕ್ಕ: ಇಟ್ಟು ಮರೆಯುವುದೇ ನಮ್ಮ ಹವೆಯಲ್ಲಿ ಆಗದ ಮಾತು. ಬಿಸಿಲಿಗೆ ನಿಂತ ಕಾರು ಒಲೆಯಂತೆ. ಅಮೆರಿಕದ ಅರಿಜೋನಾದಲ್ಲಿ ಹೊರಗೆ 38 ಡಿಗ್ರಿಯ ಆಸುಪಾಸಿನ ದಿನಗಳಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿಗೆ ಏರಿತು, ಡ್ಯಾಶ್‌ಬೋರ್ಡು 69 ಡಿಗ್ರಿ ಮುಟ್ಟಿತು. ನೆರಳಲ್ಲಿ ನಿಂತ ಕಾರಿನಲ್ಲೂ ಡ್ಯಾಶ್‌ಬೋರ್ಡು 48ರ ಹತ್ತಿರ. ಅರಿಜೋನಾದ ಆ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗಿಂತ ಹೆಚ್ಚೇನೂ ಅಲ್ಲ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ ಎಂದು 2005ರ ಇನ್ನೊಂದು ಅಧ್ಯಯನ ತೋರಿಸಿತು. ಏರುವ ಬಿಸಿಯ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ ಎಂಬುದೂ ಅದರಲ್ಲೇ ಇದೆ. ಈಗ ನಿನ್ನ ಚೀಲ ಬಿಚ್ಚು. ಮಾತ್ರೆಯ ಪಟ್ಟಿಯ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗಿಡಿ ಎಂದು ಬರೆದಿರುತ್ತದೆ. ಪಂಕ್ಚರ್ ಮುಚ್ಚುವ ಸ್ಪ್ರೇ ಡಬ್ಬಿಯ ಮೇಲೆ 50 ಡಿಗ್ರಿ ಮೀರಿದ ಬಿಸಿಗೆ ಒಡ್ಡಬೇಡಿ ಎಂದಿರುತ್ತದೆ. ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿಗೆ ಬಿಸಿಯೇ ದೊಡ್ಡ ವೈರಿ. ಶಕ್ತಿ ಕುಗ್ಗುತ್ತದೆ, ಊದಿಕೊಳ್ಳಬಹುದು, ಹೊತ್ತಿಕೊಳ್ಳಲೂಬಹುದು. ಟಾರ್ಚಿನ ಸೆಲ್ಲುಗಳು ಸೋರಿ ಟಾರ್ಚನ್ನೇ ತಿನ್ನುತ್ತವೆ. ಗಾಯಕ್ಕೆ ಹಾಕುವ ಪಟ್ಟಿಯ ಅಂಟು ಬಿಡುತ್ತದೆ. ವಾರಗಟ್ಟಲೆ ಬೆಂದ ಪ್ಲಾಸ್ಟಿಕ್ ಬಾಟಲಿಯ ನೀರಿಗೆ ವಾಸನೆ ಹಿಡಿಯುತ್ತದೆ, ಬಿಸಿ ಹೆಚ್ಚಿದಷ್ಟೂ ಬಾಟಲಿಯ ಅಂಶ ನೀರಿಗೆ ಇಳಿಯುವುದೂ ಹೆಚ್ಚು. ಚೀಲ ಸಿದ್ಧವಾಗಿದೆ ಎಂದು ನೀನು ನಂಬಿಕೊಂಡಿರುವ ಎರಡು ತಿಂಗಳಲ್ಲಿ ಅದರ ಅರ್ಧ ಸತ್ತುಹೋಗಿರುತ್ತದೆ. ಬರಿಗೈಯಲ್ಲಿ ಹೊರಟವನು ಕೊನೇಪಕ್ಷ ಹುಷಾರಾಗಿರುತ್ತಾನೆ. ಸತ್ತ ಚೀಲ ನಂಬಿದವನಿಗೆ ಅದೂ ಇರುವುದಿಲ್ಲ.

ಅದಕ್ಕೇ ಚೀಲ ಎರಡಿರಬೇಕು. ಒಂದು ಕಾರಿನಲ್ಲೇ ಉಳಿಯುವಂಥದ್ದು, ಬಿಸಿಗೆ ಬಗ್ಗದ ವಸ್ತುಗಳದ್ದು: ತ್ರಿಕೋನ, ಜಾಕಿ, ಪಾನ, ಎಳೆಯುವ ಹಗ್ಗ, ಜೋಡಣೆಯ ಕೇಬಲ್ಲು, ದಪ್ಪ ಕೈಗವಸು, ಹೊಳೆಯುವ ಪಟ್ಟಿಯ ಜಾಕೆಟ್ಟು, ಸಣ್ಣದೊಂದು ತಾಡಪಾಲು, ಛತ್ರಿ, ಹಳೆಯ ಹತ್ತಿ ಪಂಚೆ ಎರಡು. ಇನ್ನೊಂದು ನಿನ್ನ ಜೊತೆ ಮನೆಯಿಂದ ಹೊರಟು ನಿನ್ನ ಜೊತೆಗೇ ಮನೆಗೆ ಮರಳುವಂಥದ್ದು: ಸ್ಟೀಲ್ ಬಾಟಲಿಗಳಲ್ಲಿ ನೀರು, ಮಾತ್ರೆ, ಪವರ್ ಬ್ಯಾಂಕು, ಟಾರ್ಚು, ತಿನ್ನುವ ವಸ್ತು, ಓಆರ್‌ಎಸ್ ಪೊಟ್ಟಣ. ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅದು ಯಾವ ಕಾರಣಕ್ಕೂ ನಿಂತ ಕಾರಿನಲ್ಲಿ ಉಳಿಯಬಾರದು. ಬಿಸಿಗೆ ಕೆಟ್ಟ ಇನ್ಸುಲಿನ್ ನೋಡಲು ಹಾಗೇ ಇರಬಹುದು, ಕೆಲಸ ಮಾಡುವುದಿಲ್ಲ. ಓಆರ್‌ಎಸ್ ಪೊಟ್ಟಣದ 20.5 ಗ್ರಾಂ ಪುಡಿಯನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಬೇಕು. ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. ಆದ್ದರಿಂದ ಒಂದು ಬಾಟಲಿ ಸರಿಯಾಗಿ ಒಂದು ಲೀಟರಿನದಾಗಿರಲಿ. ಪಂಚೆಯನ್ನು ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ, ಆದರೆ ನಮ್ಮ ಹವೆಗೆ ಅದಕ್ಕಿಂತ ಉಪಕಾರಿ ಬಟ್ಟೆ ಇಲ್ಲ. ಬಿಸಿಲಿಗೆ ಬಳಲಿ ಮಾತು ತೊದಲುತ್ತಿರುವವರಿಗೆ ಒದ್ದೆ ಪಂಚೆ ಹೊದಿಸಿ ಗಾಳಿ ಹಾಕಿದರೆ ಮೈ ತಣಿಯುತ್ತದೆ. ಮೈಬಿಸಿ 40 ಡಿಗ್ರಿ ದಾಟಿ ಬುದ್ಧಿ ತಪ್ಪಿದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವ ತನಕ ತಣಿಸುವುದೇ ಚಿಕಿತ್ಸೆ. ಅದೇ ಪಂಚೆ ಮುರಿದ ಕೈಗೆ ಜೋಲಿ, ರಕ್ತಕ್ಕೆ ಒತ್ತುಬಟ್ಟೆ. ತಿನ್ನುವುದಕ್ಕೆ ರಾಗಿ ಹುರಿಹಿಟ್ಟು, ಅವಲಕ್ಕಿ, ಖರ್ಜೂರ ಸಾಕು, ಒಲೆ ಬೇಡ, ಬೇಗ ಹಳಸುವುದಿಲ್ಲ. ಹೆಂಗಸರ ವಿಷಯವನ್ನು ಪಟ್ಟಿ ಬರೆಯುವವರು ಮರೆಯುತ್ತಾರೆ. ಘಾಟಿಯ ನಡುವೆ ಐದು ಗಂಟೆ ವಾಹನಗಳ ಸಾಲಿನಲ್ಲಿ ನಿಂತಾಗ ಮರೆಗೆ ಒಂದು ತಾಡಪಾಲು, ಒಂದು ಛತ್ರಿ, ಕಾಗದ, ಸ್ಯಾನಿಟರಿ ಪ್ಯಾಡು ಇಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಬಿಟ್ಟು ಕೂರುತ್ತಾರೆ. ಸೆಕೆಯಲ್ಲಿ ನೀರು ಬಿಟ್ಟು ಕೂರುವುದೆಂದರೆ ಏನೆಂದು ಹೇಳಬೇಕಾಗಿಲ್ಲ.

ತಮ್ಮ: ಇದೆಲ್ಲ ಜನವಸತಿಯೇ ಇಲ್ಲದ ದೇಶಗಳಿಗೆ ಸರಿ. ಅಲ್ಲಿ ನೂರಾರು ಮೈಲಿ ಒಂದು ಮನೆ ಕಾಣುವುದಿಲ್ಲವಂತೆ. ನಮ್ಮಲ್ಲಿ ಕಾರು ಕೆಟ್ಟು ನಿಂತರೆ ಐದು ನಿಮಿಷಕ್ಕೆ ನಾಲ್ಕು ಜನ ಸೇರುತ್ತಾರೆ. ಲಾರಿಯವರು ನಿಲ್ಲಿಸಿ ಕೇಳುತ್ತಾರೆ. 112 ಇದೆ, ರಾಷ್ಟ್ರೀಯ ಹೆದ್ದಾರಿಗೆ 1033 ಇದೆ. ನಮ್ಮ ತುರ್ತು ಚೀಲ ನಮ್ಮ ಜನವೇ ಅಲ್ಲವೇ?

ಅಕ್ಕ: ಇದು ಗಟ್ಟಿ ಆಕ್ಷೇಪ, ಇದರಲ್ಲಿ ಹೆಮ್ಮೆಪಡುವಂಥ ಸತ್ಯವೂ ಇದೆ. ಆದರೆ ಜನ ಬರುವುದು ಐದು ನಿಮಿಷಕ್ಕೆ ಎಂದು ನೀನೇ ಅಂದೆ. ಮುಳುಗುವ ಕಾರಿನಲ್ಲಿ ಇರುವುದು ಒಂದು ನಿಮಿಷ. ಆ ಒಂದು ನಿಮಿಷ ನಿನ್ನ ಕೈಯಲ್ಲಿರುವುದೇ ಗತಿ. ಇನ್ನು ದೊಡ್ಡ ಮಳೆಯ ರಾತ್ರಿ ಲೆಕ್ಕವೇ ಬದಲಾಗುತ್ತದೆ. ಘಾಟಿಯ ಎಷ್ಟೋ ತಿರುವುಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಗಾಳಿಗೆ ಕಂಬ ಉರುಳಿ ಕರೆಂಟು ಹೋದರೆ ಟವರುಗಳೂ ಒಂದೊಂದಾಗಿ ಮೌನವಾಗುತ್ತವೆ. ಮರ ಬಿದ್ದ ರಸ್ತೆಯಲ್ಲಿ ಆಂಬುಲೆನ್ಸೂ ನಿನ್ನ ಹಿಂದೆಯೇ ಸಾಲಿನಲ್ಲಿ ನಿಂತಿರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಅಪ್ಪಳಿಸಿದ್ದು ಗುಜರಾತಿಗೆ, ಆದರೂ ನಮ್ಮ ಕಡಲಂಚಿನ ಊರುಗಳು ನಲುಗಿದವು. ಅಂಥ ದಿನ ಸಹಾಯಕ್ಕೆ ಬರಬೇಕಾದವರಿಗೇ ಸಹಾಯ ಬೇಕಾಗಿರುತ್ತದೆ. ನಾಲ್ಕು ಜನ ಸೇರುತ್ತಾರೆ ಎಂದೆಯಲ್ಲ, ಅವರ ಕೈಯಲ್ಲಿ ಏನಿರುತ್ತದೆ? ಮನಸ್ಸಿರುತ್ತದೆ, ಹಗ್ಗ, ಟಾರ್ಚು, ಶುದ್ಧವಾದ ಬಟ್ಟೆ ಇರುವುದಿಲ್ಲ. ಆ ನಾಲ್ವರಲ್ಲಿ ಇನ್ನೊಂದು ದಿನ ನೀನೂ ಒಬ್ಬನಾಗಿರುತ್ತೀಯ. ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಕಾನೂನಿನ ತೊಡಕಿಗೆ ಸಿಕ್ಕಿಸಬಾರದು ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಹೇಳುತ್ತದೆ. ನಮ್ಮ ಜನವೇ ನಮ್ಮ ತುರ್ತು ಚೀಲ ಎನ್ನುವ ಮಾತನ್ನು ನಿಜ ಮಾಡಬೇಕಾದರೆ ಆ ಜನರ ಕಾರುಗಳಲ್ಲಿ ಚೀಲ ಇರಬೇಕು.

ತಮ್ಮ: ಆದರೆ ನಿನ್ನ ಕಾಯುವ ಮಾತಿಗೇ ಒಂದು ಪೆಟ್ಟು ಇದೆ, ಅಕ್ಕ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಬಿದ್ದದ್ದು ಹೆದ್ದಾರಿ ಬದಿಯ ಹೋಟೆಲಿನ ಮೇಲೆ, ಪಕ್ಕದಲ್ಲಿ ನಿಲ್ಲಿಸಿದ್ದ ವಾಹನಗಳ ಮೇಲೆ. ಅಲ್ಲಿ ನಿಂತವರು ಗಂಗಾವಳಿ ಹೊಳೆ ಪಾಲಾದರು, ನಿಲ್ಲದೆ ಹೋದವರು ಉಳಿದರು. ನಿಲ್ಲುವುದೇ ಕ್ಷೇಮ ಎಂದು ಹೇಗೆ ಹೇಳುತ್ತೀ?

ಅಕ್ಕ: ಎಲ್ಲಿ ಬೇಕಾದರೂ ನಿಲ್ಲು ಎಂದು ಹೇಳಿದರೆ ಅದು ತಪ್ಪೇ. ಶಿರೂರು ಕಲಿಸಿದ್ದು ಕಾಯುವ ಜಾಗದ ಪಾಠ. ಅಲ್ಲಿ ನಿಂತವರ ತಪ್ಪೇನೂ ಇರಲಿಲ್ಲ, ಚಹಾ ಕುಡಿಯಲು ನಿಲ್ಲುವುದು ಯಾವ ಲೆಕ್ಕದಲ್ಲೂ ತಪ್ಪಲ್ಲ. ಆದರೆ ಹೆದ್ದಾರಿಗಾಗಿ ಬುಡ ಕಡಿದ ಗುಡ್ಡಗಳು ಮೂರು ದಿನ ಸತತ ಮಳೆ ಕುಡಿದ ಮೇಲೆ ನಂಬಿಕೆಗೆ ಯೋಗ್ಯವಲ್ಲ ಎಂಬುದನ್ನು ನಾವು ಈಗ ತಿಳಿದುಕೊಂಡಿದ್ದೇವೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಶಿರಾಡಿಯಲ್ಲಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಕುಸಿದದ್ದೂ ಹಾಗೇ. ಹಾಗಾಗಿ ಕಾಯುವುದು ಘಾಟಿಯ ನಡುವೆ ಅಲ್ಲ, ಘಾಟಿಗೆ ಮೊದಲು. ಶಿರಾಡಿ ಇಳಿಯುವವರು ಸಕಲೇಶಪುರದಲ್ಲಿ, ಹತ್ತುವವರು ಉಪ್ಪಿನಂಗಡಿಯಲ್ಲಿ. ಚಾರ್ಮಾಡಿ ಇಳಿಯುವವರು ಕೊಟ್ಟಿಗೆಹಾರದಲ್ಲಿ. ಹಾಗೆ ಊರಿನಲ್ಲಿ ನಿಂತು, ಮುಂದಿನ ದಾರಿ ತೆರೆದಿದೆಯೇ ಎಂದು ವಿಚಾರಿಸಿ ಹೊರಡಲು ಚೀಲಕ್ಕಿಂತ ಮೊದಲು ಕೈಯಲ್ಲಿ ಎರಡು ಮೂರು ಗಂಟೆಯ ಸಮಯ ಇರಬೇಕು. ಅದಕ್ಕೇ ಹೇಳುವುದು, ಮಳೆಗಾಲದ ಪ್ರಯಾಣಕ್ಕೆ ಬೆಳಗ್ಗೆಯೇ ಹೊರಡಬೇಕು, ಅರ್ಧ ಟ್ಯಾಂಕಿಗಿಂತ ಕೆಳಗೆ ಇಂಧನ ಇಳಿಯಲು ಬಿಡಬಾರದು ಎಂದು. ಘಾಟಿಯಲ್ಲೇ ಸಾಲು ನಿಂತುಬಿಟ್ಟರೆ ಕಡಿದ ಧರೆಯ ಬುಡ, ನೀರು ಕೆಂಪಾಗಿ ಸುರಿಯುವ ಜಾಗ, ಮೋರಿಯ ಬಾಯಿ ಬಿಟ್ಟು ನಿಲ್ಲು. ಮೇಲಿಂದ ಕಲ್ಲು ಮಣ್ಣು ಉದುರುವ ಸದ್ದು ಬಂದರೆ ಕಾರು ಬಿಟ್ಟು ಓಡು, ಚೀಲವನ್ನೂ ನೋಡಬೇಡ.

ಮರದ ವಿಷಯದಲ್ಲಿ ಇನ್ನೂ ಸೂಕ್ಷ್ಮ ಇದೆ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ನಾವು ಹುಡುಕಿಕೊಂಡು ಹೋಗುವ ಮರದ ನೆರಳೇ ಸಂಜೆ ಐದಕ್ಕೆ ಗಾಳಿಯೆದ್ದಾಗ ಅತ್ಯಂತ ಅಪಾಯದ ಜಾಗ. ಬೆಂಗಳೂರಿನ ಗುಲ್‌ಮೊಹರಿನ ಕೊಂಬೆಗಳು ಮುಂಗಾರುಪೂರ್ವ ಗಾಳಿಗೆ ಎಷ್ಟು ಸುಲಭವಾಗಿ ಮುರಿಯುತ್ತವೆ ಎಂದು ಊರಿಗೇ ಗೊತ್ತು. ಬಿಸಿಲು ಒಂದು ಜಾಗ ಕೇಳುತ್ತದೆ, ಗಾಳಿ ಇನ್ನೊಂದು. ಆಕಾಶ ಕಪ್ಪಾದ ಕೂಡಲೇ ಕಾರನ್ನು ಮರದಡಿಯಿಂದ ತೆಗೆದು ಬಯಲಿಗೆ ತರಬೇಕು. ಸಿಡಿಲಿಗೆ ಹೆದರಿ ಕಾರಿನಿಂದ ಇಳಿದು ಓಡಬಾರದು. ತಗಡಿನ ಮೈ ಇರುವ ಮುಚ್ಚಿದ ಕಾರು ಸಿಡಿಲಿನ ವಿದ್ಯುತ್ತನ್ನು ಹೊರಮೈಯಲ್ಲೇ ಹರಿಸಿ ನೆಲಕ್ಕೆ ದಾಟಿಸುತ್ತದೆ. ಕಾಪಾಡುವುದು ಆ ತಗಡು, ಟೈರಿನ ರಬ್ಬರ್ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ. ಹೊಲದಲ್ಲಿ, ಮರದಡಿಯಲ್ಲಿ ಸಿಕ್ಕವರೇ ಅದಕ್ಕೆ ಹೆಚ್ಚಾಗಿ ಬಲಿಯಾಗುವುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳು ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತವೆ. ಹೊರಡುವ ಮೊದಲೇ ಫೋನಿಗೆ ಹಾಕಿಕೊಂಡಿರಬೇಕು. ಕರೆಂಟಿನ ತಂತಿ ಕಾರಿನ ಮೇಲೆ ಬಿದ್ದರೂ ಒಳಗೇ ಕುಳಿತು 1912ಕ್ಕೋ 112ಕ್ಕೋ ಹೇಳು. ಬೆಂಕಿ ಹೊತ್ತಿ ಇಳಿಯಲೇಬೇಕಾದರೆ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹಾರು, ಕಾಲುಗಳನ್ನು ಎತ್ತದೆ ನೆಲಕ್ಕೆ ಒರೆಸುತ್ತಾ ದೂರ ಸರಿ. ಇನ್ನೊಂದು ಎಚ್ಚರ: ಹೊಗೆಕೊಳವೆ ನೀರಿನಲ್ಲೋ ಕೆಸರಿನಲ್ಲೋ ಮುಚ್ಚಿದಾಗ ಎಂಜಿನ್ ಓಡಿಸಿ ಎಸಿ ಹಾಕಿಕೊಂಡು ಕೂರಬಾರದು. ಒಳಗೆ ಸೇರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ತಮ್ಮ: ಕಾರಿನ ರಿಪೇರಿಯ ಸಾಮಾನಿನ ಬಗ್ಗೆ ನೀನು ಹೆಚ್ಚು ಹೇಳಲಿಲ್ಲ.

ಅಕ್ಕ: ಅದು ಬೇಗ ಮುಗಿಯುವ ಮಾತು. ಮೊದಲು ಸ್ಟೆಪ್ನಿ ಇದೆಯೇ ನೋಡು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡದೆಯೂ ಕಾರು ಮಾರಬಹುದು ಎಂದು 2020ರಲ್ಲಿ ನಿಯಮ ಬದಲಾಯಿತು. ಸ್ಟೆಪ್ನಿ ಇಲ್ಲದ ಕಾರಿನವರು ಆ ಕಿಟ್ಟನ್ನು ಬಳಸುವುದನ್ನು ಮನೆಯ ಮುಂದೆ ಒಮ್ಮೆ ಕಲಿತಿರಬೇಕು. ಟೈರಿನ ಗೆರೆ 1.6 ಮಿಲಿಮೀಟರಿಗೆ ಸವೆಯುವ ತನಕ ಕಾಯದೆ ಮಳೆಗಾಲಕ್ಕೆ ಮೊದಲೇ ಬದಲಾಯಿಸಿದರೆ ಎಷ್ಟೋ ಚೀಲಗಳಿಗಿಂತ ಅದೇ ದೊಡ್ಡ ರಕ್ಷಣೆ. ಬಿಸಿಯೇರಿದ ರೇಡಿಯೇಟರಿನ ಮುಚ್ಚಳ ತೆರೆಯಬೇಡ. ನೀರಿನಲ್ಲಿ ನಿಂತುಹೋದ ಎಂಜಿನ್ನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡ. ಸಿಲಿಂಡರಿಗೆ ನೀರು ಹೊಕ್ಕು ಎಂಜಿನ್ ಒಳಗೇ ಮುರಿಯುತ್ತದೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ನಿನ್ನದೇ. ನಾನು ಒತ್ತಿ ಹೇಳುವುದು ತ್ರಿಕೋನದ ಬಗ್ಗೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಬರುತ್ತದೆ. ನೀನು 50 ಮೀಟರ್ ಹಿಂದೆ ಇಟ್ಟ ತ್ರಿಕೋನ ಆ ಚಾಲಕನಿಗೆ ಕೊಡುವುದು ಎರಡು ಸೆಕೆಂಡು ಚಿಲ್ಲರೆ. ಒಣ ರಸ್ತೆಯಲ್ಲೇ ಅವನು ನಿಲ್ಲಲು 50 ಮೀಟರಿಗಿಂತ ಹೆಚ್ಚು ಬೇಕು, ಒದ್ದೆ ರಸ್ತೆಯಲ್ಲಿ ಅದರ ಇಮ್ಮಡಿ. ಹೆದ್ದಾರಿಯಲ್ಲಿ ನೂರು ಹೆಜ್ಜೆ ಅಲ್ಲ, ನೂರು ಮೀಟರ್ ದಾಟಿ ಇಡಬೇಕು. ಘಾಟಿಯಲ್ಲಾದರೆ ತಿರುವಿಗೆ ಮೊದಲೇ. ನಮ್ಮಲ್ಲಿ ಸೊಪ್ಪಿನ ಕೊಂಬೆ, ಕಲ್ಲು ಇಡುವ ರೂಢಿ ಇದೆ. ಸೊಪ್ಪು ಸರಿ, ಕಲ್ಲು ಇಟ್ಟವರು ಹೊರಡುವಾಗ ತೆಗೆಯದೆ ಹೋಗುತ್ತಾರೆ, ಆ ರಾತ್ರಿ ಬೈಕಿನವನೊಬ್ಬ ಅದಕ್ಕೆ ಬಲಿಯಾಗಬಹುದು.

ತಮ್ಮ: ಮನೆಯಲ್ಲಿ ಹಿರಿಯರ ಮುಂದೆ ಈ ಮಾತೆತ್ತಿದರೆ ‘ಬಿಡ್ತು ಅನ್ನು, ಪ್ರಯಾಣ ಹೊರಡುವಾಗ ಅಪಶಕುನ’ ಎನ್ನುತ್ತಾರೆ. ಅದೂ ಹೋಗಲಿ, ವರ್ಷಕ್ಕೆ ಎಷ್ಟು ಸಲ ಈ ಚೀಲ ಬಿಚ್ಚಿ ನೋಡುವುದು? ಯಾರಿಗೂ ನೆನಪಿರುವುದಿಲ್ಲ.

ಅಕ್ಕ: ಅದೇ ಹಿರಿಯರೇ ಹಿಂದೆ ಗಾಡಿ ಕಟ್ಟಿ ಜಾತ್ರೆಗೆ ಹೊರಡುವಾಗ ಬುತ್ತಿ, ನೀರಿನ ಬಿಂದಿಗೆ, ಕಂದೀಲು, ಹಗ್ಗ ಇಟ್ಟುಕೊಳ್ಳದೆ ಊರ ಗಡಿ ದಾಟಿದವರಲ್ಲ. ಅದನ್ನು ಯಾರೂ ಅಪಶಕುನ ಎನ್ನಲಿಲ್ಲ, ಬುತ್ತಿ ಎಂದರು. ಇದೂ ಬುತ್ತಿಯೇ ಎಂದು ಹೇಳು, ಅವರಿಗೆ ತಿಳಿಯುತ್ತದೆ. ನೆನಪಿಗೆ ಬೇರೆ ಪಂಚಾಂಗ ಬೇಡ. ಆಯುಧಪೂಜೆಯ ದಿನ ಕಾರು ತೊಳೆದು, ಹೂ ಹಾಕಿ, ಚಕ್ರದಡಿಗೆ ನಿಂಬೆಹಣ್ಣು ಇಡುವ ಮುಂಚೆ ಡಿಕ್ಕಿ ಖಾಲಿ ಮಾಡು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಬ್ಯಾಂಡೇಜು, ತುಕ್ಕು ತಿಂದ ಪಾನ ಅವತ್ತು ಕಣ್ಣಿಗೆ ಬೀಳುತ್ತವೆ. ಯುಗಾದಿಗೆ ಎರಡನೆಯ ಸಲ, ಬಿಸಿಲು ಏರುವ ಮೊದಲು: ಬ್ಯಾಟರಿ, ಕೂಲೆಂಟ್, ಸೆಲ್ಲು, ಮಾತ್ರೆಗಳ ದಿನಾಂಕ. ಮೃಗಶಿರಾ ಹಿಡಿಯುವ ಮುಂಚೆ ಮೂರನೆಯ ಸಲ: ವೈಪರು, ಟೈರು, ಛತ್ರಿ, ಹಗ್ಗ. ಸ್ಟೆಪ್ನಿಯ ಗಾಳಿಯನ್ನು ಮೂರು ಸಲವೂ ನೋಡಬೇಕು. ಇದಕ್ಕೆ ಹಣ ಹೆಚ್ಚೇನೂ ಬೇಕಾಗಿಲ್ಲ. ಪಂಚೆ, ಬಾಟಲಿ, ಹುರಿಗಡಲೆ, ಛತ್ರಿ ಮನೆಯಲ್ಲೇ ಇವೆ; ಕೊಳ್ಳಬೇಕಾದದ್ದು ಸುತ್ತಿಗೆ, ಹಗ್ಗ, ಟಾರ್ಚು. ಎಲ್ಲಕ್ಕಿಂತ ಮೊದಲು ಈಗಲೇ ಕೆಳಗಿಳಿದು ಹೋಗಿ ನಿನ್ನ ಕಾರಿನ ನಾಲ್ಕೂ ಕಿಟಕಿಗಳ ಮೂಲೆ ನೋಡಿ ಬಾ. ಟೆಂಪರ್ಡ್ ಎಂದಿದ್ದರೆ ಸುತ್ತಿಗೆ ಕೊಂಡು ಕೈಹತ್ತಿರ ಸಿಕ್ಕಿಸು. ಲ್ಯಾಮಿನೇಟೆಡ್ ಎಂದಿದ್ದರೆ ಸುತ್ತಿಗೆ ನಂಬಬೇಡ. ನೀರು ಕಂಡ ಕ್ಷಣ, ಕರೆಂಟು ಇರುವಾಗಲೇ ಕಿಟಕಿ ಇಳಿಸಬೇಕೆಂದು ಮನೆಯವರೆಲ್ಲರಿಗೂ ಹೇಳಿಡು.